ಹೊಸ ಬೇಸಾಯಗಾರರಿಗೆ ಸಾರ್ವಜನಿಕ ಜಮೀನು: ಗುತ್ತಿಗೆಯ ಅವಧಿ ಬೆಳೆಗೆ ತಕ್ಕಂತಿರಲಿ

ಬೇಲೂರು ತಾಲ್ಲೂಕಿನ ಅರೇಹಳ್ಳಿ ಹೋಬಳಿಯ ಕಾಫಿ ತೋಟಗಳಲ್ಲಿ ದುಡಿದು ಬೆಳೆದ ಅನೇಕ ಯುವಕ ಯುವತಿಯರಿಗೆ ಮರಗಸಿ, ಚಿಗುರು ತೆಗೆಯುವುದು, ಹಣ್ಣಿನ ಕೊಯ್ಲು, ಕಣದಲ್ಲಿ ಒಣಗಿಸುವುದು ಎಲ್ಲವೂ ಗೊತ್ತು. ಕಸುಬಿದೆ, ಜಮೀನಿಲ್ಲ. ಇಂಥವರು ಬೇಸಾಯ ಆರಂಭಿಸುವುದು ಹೇಗೆ?

ಇಂಗ್ಲೆಂಡಿನ ಅನುಭವ

ಅಲ್ಲಿನ ಕೌಂಟಿ ಕೌನ್ಸಿಲುಗಳು ನಮ್ಮ ಜಿಲ್ಲಾ ಪಂಚಾಯಿತಿಯಂಥ ಸಂಸ್ಥೆಗಳು. 1892 ಮತ್ತು 1908ರ ಕಾಯ್ದೆಗಳ ಮೇರೆಗೆ ಅವು ಜಮೀನು ಕೊಂಡು, ಸಣ್ಣ ಹಿಡುವಳಿಗಳಾಗಿ ಹೊಸಬರಿಗೆ ಗೇಣಿಗೆ ಕೊಟ್ಟವು. ಹೊಸಬನು ಅಲ್ಲಿ ಅನುಭವ, ದನಕರು, ಬಂಡವಾಳ ಕೂಡಿಸಿಕೊಂಡು ಮುಂದೆ ದೊಡ್ಡ ಹಿಡುವಳಿಗೆ ಹೋಗಬೇಕೆಂಬುದು ಉದ್ದೇಶ. ಆದರೆ 1970ರ ದಶಕದ ಕೊನೆಯಿಂದೀಚೆಗೆ ಈ ಜಮೀನಿನ ಸುಮಾರು ಅರ್ಧ ಭಾಗ ಮಾರಾಟವಾಗಿದೆ. ಒಮ್ಮೆ ಮಾರಿದ ಜಮೀನು ಮುಂದಿನ ಪೀಳಿಗೆಗೆ ಸಿಗದು.

ನಮ್ಮಲ್ಲಿ

1974ರ ಭೂ ಸುಧಾರಣಾ ತಿದ್ದುಪಡಿ ಉಳುವವನಿಗೆ ಒಡೆತನ ಕೊಟ್ಟಿತು. ಕೆಲವು ವಿನಾಯಿತಿ ಬಿಟ್ಟರೆ ಖಾಸಗಿ ಜಮೀನನ್ನು ಗೇಣಿಗೆ ಕೊಡುವುದನ್ನು ನಿಷೇಧಿಸಿತು. ಆದರೂ ಬಾಯಿಮಾತಿನ ಗುತ್ತಿಗೆ ನಡೆಯುತ್ತಲೇ ಇದೆ. ಪಹಣಿಯಲ್ಲಿ ಹೆಸರಿಲ್ಲದ ಗುತ್ತಿಗೆದಾರನಿಗೆ ಬೆಳೆಸಾಲವೂ ಬೆಳೆನಷ್ಟದ ಪರಿಹಾರವೂ ಸುಲಭವಾಗಿ ದೊರೆಯುವುದಿಲ್ಲ.

1964ರ ಭೂ ಕಂದಾಯ ಕಾಯ್ದೆಗೆ ತಂದ ತಿದ್ದುಪಡಿಯಂತೆ, ಸರ್ಕಾರಿ ಜಮೀನಿನಲ್ಲಿ ಈಗಾಗಲೇ ತೋಟ ಮಾಡಿರುವವರಿಗೆ 25 ಎಕರೆ ಮೀರದಂತೆ 30 ವರ್ಷದ ಗುತ್ತಿಗೆಗೆ ಅವಕಾಶವಿದೆ. ಇದು ಹಿಡಿದಿರುವವರಿಗೆ, ಹೊಸಬರಿಗಲ್ಲ. ಡಾ. ಬಿ.ಆರ್. ಅಂಬೇಡ್ಕರ್ ಅಭಿವೃದ್ಧಿ ನಿಗಮದ ಭೂ ಒಡೆತನ ಯೋಜನೆಯು ಪರಿಶಿಷ್ಟ ಜಾತಿಯ ಭೂರಹಿತ ಕೃಷಿ ಕಾರ್ಮಿಕ ಮಹಿಳೆಯರಿಗೆ ಜಮೀನು ಕೊಡಿಸುತ್ತದೆ. ವೆಚ್ಚದಲ್ಲಿ ಅರ್ಧ ಸಹಾಯಧನ, ಅರ್ಧ ಸಾಲ. ಅರ್ಹರು ಇದನ್ನು ಮೊದಲು ವಿಚಾರಿಸುವುದು ಒಳ್ಳೆಯದು.

ಅವಧಿ ಏಕೆ ಮುಖ್ಯ?

ಅರೇಬಿಕಾ ಮೊದಲ ಫಸಲು ಕೊಡಲು 3–4 ವರ್ಷ, ರೊಬಸ್ಟಾಕ್ಕೆ 4–5 ವರ್ಷ ಬೇಕು. ಒಂದೆರಡು ವರ್ಷಕ್ಕೆ ಜಮೀನು ಹಿಡಿದವನು ಗಿಡ ನೆಡಲಾರ, ನೆರಳುಮರ ಬೆಳೆಸಲಾರ. ಅವನಿಗೆ ಉಳಿಯುವುದು 8–9 ತಿಂಗಳಲ್ಲಿ ಕೈಸೇರುವ ಶುಂಠಿಯಂಥ ಬೆಳೆ. ಶುಂಠಿಯ ಗೆಡ್ಡೆಕೊಳೆ ಮತ್ತು ಸೊರಗು ರೋಗಗಳ ಬೀಜ ಮಣ್ಣಿನಲ್ಲೇ ಉಳಿಯುವುದರಿಂದ ಮರುವರ್ಷ ಅದೇ ತಾಕಿನಲ್ಲಿ ಶುಂಠಿ ಹಾಕಬಾರದು. ಗುತ್ತಿಗೆದಾರ ಬೇರೆ ಜಮೀನು ಹುಡುಕುತ್ತಾನೆ. ಕೆಟ್ಟ ಮಣ್ಣು ಊರಿಗೆ ಉಳಿಯುತ್ತದೆ.

ಸಾರ್ವಜನಿಕ ಜಮೀನನ್ನು ಹೊಸಬರಿಗೆ ಕೊಡುವಾಗ ಪಾಲಿಸಬೇಕಾದವು

1. ತರಕಾರಿ, ಹೈನುಗಾರಿಕೆಗೆ ಕನಿಷ್ಠ 5 ವರ್ಷ. ಕಾಫಿ, ಮೆಣಸಿಗೆ 20–30 ವರ್ಷದ ಅವಧಿ ಇರಲಿ.
2. ಕರಾರು ಬರಹದಲ್ಲಿದ್ದು ಸಾಲಕ್ಕೆ ಆಧಾರವಾಗಲಿ.
3. ಬದು, ನೆರಳುಮರ, ಗೊಬ್ಬರ ಇವುಗಳ ಪಾಲನೆ ಕರಾರಿನಲ್ಲಿ ಸೇರಲಿ. ಬಿಟ್ಟುಹೋಗುವಾಗ ನೆಟ್ಟ ಗಿಡಕ್ಕೆ ನ್ಯಾಯವಾದ ಬೆಲೆ ಸಿಗಲಿ.
4. ಗೋಮಾಳವನ್ನು ಮುಟ್ಟಬಾರದು. ಭೂ ಕಂದಾಯ ನಿಯಮಗಳಂತೆ ಪ್ರತಿ 100 ದನಗಳಿಗೆ 12 ಹೆಕ್ಟೇರ್ ಮೇವಿನ ಜಮೀನು ಇರಬೇಕು.
5. ಒಡೆತನ ಸಾರ್ವಜನಿಕವಾಗಿಯೇ ಉಳಿಯಲಿ. ಒಬ್ಬನು ಬಲಿತು ಬಿಟ್ಟ ತಾಕು ಮತ್ತೊಬ್ಬ ಹೊಸಬನಿಗೆ ಸಿಗಬೇಕು.

ಗುತ್ತಿಗೆಗೆ ಇಳಿಯುವ ರೈತ ಬಾಂಧವರು "ಎಕರೆಗೆ ಎಷ್ಟು?" ಎಂದು ಕೇಳುವ ಮೊದಲು "ಎಷ್ಟು ವರ್ಷಕ್ಕೆ?" ಎಂದು ಕೇಳಬೇಕು. ವಿಸ್ತರಣಾ ಕಾರ್ಯಕರ್ತರು ಈ ಮಾತನ್ನು ಗ್ರಾಮಸಭೆಯಲ್ಲಿ ಎತ್ತಿದರೆ ಭೂಮಿಯಿಲ್ಲದವರಿಗೆ ದೊಡ್ಡ ಉಪಕಾರವಾದೀತು.