ಮೊದಲು ಕೆಲಸ ಕೇಳು, ಆಮೇಲೆ ಕಿವಿ ನೋಡು

ಪುಟ್ಟಿ,

ಪೀಣ್ಯ ಕೈಗಾರಿಕಾ ಪ್ರದೇಶದ ಕ್ಲಿನಿಕ್ಕಿನಲ್ಲಿ ಡ್ಯೂಟಿಗೆ ಸೇರಿಕೊಂಡೆಯೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ತುಂಬ ಸಂತೋಷವಾಯಿತು ಮಗಳೇ. ಅಲ್ಲಿಗೆ ಬರುವವರು ಶಿಫ್ಟ್ ಮುಗಿಸಿಕೊಂಡು ಬರುತ್ತಾರೆ. ಕಿವಿ, ಮೂಗು, ಚರ್ಮದ ತೊಂದರೆ ಸಣ್ಣದೆಂದು ಅವರೇ ಅಂದುಕೊಂಡಿರುತ್ತಾರೆ. ನೀನು ಹಾಗೆ ಅಂದುಕೊಳ್ಳಬೇಡ. ಟಾರ್ಚ್ ಹಿಡಿಯುವ ಮೊದಲು, "ಏನು ಕೆಲಸ ಮಾಡ್ತೀರಿ?" ಎಂದು ಕೇಳು. 'ಕಂಪನಿ' ಎಂದರೆ ಸಾಲದು. ಪ್ರೆಸ್ಸೋ, ಲೇತೋ, ಪ್ಲೇಟಿಂಗೋ ಗೊತ್ತಾಗಬೇಕು. ಕಸುಬುಗಳಿಂದ ಬರುವ ರೋಗಗಳ ಬಗ್ಗೆ 1700ರಲ್ಲೇ ಪುಸ್ತಕ ಬರೆದ ಇಟಲಿಯ ವೈದ್ಯ ರಾಮಾಜ್ಜಿನಿ, ರೋಗಿಯನ್ನು ಕೇಳಲೇಬೇಕಾದ ಪ್ರಶ್ನೆಗಳಿಗೆ ಇದನ್ನೂ ಸೇರಿಸಿದ.

ಪ್ರೆಸ್ ಶಾಪಿನವರು "ಶಬ್ದ ಕೇಳ್ತದೆ ಮೇಡಂ, ಮಾತು ಅರ್ಥ ಆಗಲ್ಲ" ಅನ್ನುತ್ತಾರೆ. ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ನೋಡು. ಗುಗ್ಗೆ ಕಟ್ಟಿದ್ದರೆ ತೆಗೆಸಿ ಮತ್ತೆ ನೋಡು. ಕಿವಿತಮಟೆ ಚೆನ್ನಾಗಿದ್ದೂ ಎರಡೂ ಕಿವಿ ಮಂದವಾಗಿದ್ದರೆ 512 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಹಿಡಿ. ಮೂಳೆಗಿಂತ ಗಾಳಿಯಲ್ಲೇ ಚೆನ್ನಾಗಿ ಕೇಳಿಸಿದರೆ ದೋಷ ಒಳಗಿವಿಯ ಕಡೆಗಿದೆ. ಆಡಿಯೋಗ್ರಾಮ್ ಮಾಡಿಸು, ಗದ್ದಲದಿಂದ ಕೆಟ್ಟ ಕಿವಿಯಲ್ಲಿ ಗೆರೆ ಸಾಮಾನ್ಯವಾಗಿ 4000 ಹರ್ಟ್ಸ್ ಆಸುಪಾಸಿನಲ್ಲಿ ಮೊದಲು ಕುಸಿದಿರುತ್ತದೆ. ಹೋದ ಶ್ರವಣ ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಹುಡುಗರು ಇಯರ್‌ಫೋನ್, ಕಿವಿಕಡ್ಡಿಗಳಿಂದ ಕಿವಿ ನೋಯಿಸಿಕೊಂಡು ಬಂದಾರು. ಕಿವಿರಂಧ್ರದ ಮುಂದಿರುವ ಪುಟ್ಟ ಮೃದ್ವಸ್ಥಿ ಒತ್ತಿದಾಗ ನೋವು ಜಾಸ್ತಿಯಾದರೆ ಸೋಂಕು ಹೊರಗಿವಿಯ ನಾಳದ್ದೆಂದು ತಿಳಿ.

ಮೂಗನ್ನು ಮಾತ್ರ ಎಂದೂ ಬಿಡಬೇಡ. ಪ್ಲೇಟಿಂಗ್ ಕೆಲಸದವನೊಬ್ಬ ನನ್ನ ಬಳಿ ಬರೀ ಕೆಮ್ಮಿಗೆ ಔಷಧ ಕೇಳಿಕೊಂಡು ಬಂದಿದ್ದ. ಬೆರಳ ಗೆಣ್ಣುಗಳ ಮೇಲೆ ಅಂಚು ಕಟ್ಟಿದ, ನೋವಿಲ್ಲದ ಗುಂಡನೆಯ ಹುಣ್ಣುಗಳಿದ್ದವು. ಹೆಬ್ಬೆರಳಲ್ಲಿ ಮೂಗಿನ ತುದಿ ಎತ್ತಿ ಟಾರ್ಚ್ ಬಿಟ್ಟೆ: ನಡುಗೋಡೆಯಲ್ಲಿ ತೂತು, ಸುತ್ತ ಒಣಗಿದ ಹಕ್ಕಳೆ, ಒಂದು ಹೊಳ್ಳೆಗೆ ಬಿಟ್ಟ ಬೆಳಕು ಇನ್ನೊಂದರಲ್ಲಿ ಕಾಣುತ್ತಿತ್ತು. ಕ್ರೋಮಿಕ್ ಆಮ್ಲದ ಮಂಜು ಉಸಿರಿಗೆ ಹೋಗಿ ಆಗುವ ಹಾನಿ ಅದು. ನೋವಿಲ್ಲದ್ದರಿಂದ ಅವನಿಗೇ ಗೊತ್ತಿರಲಿಲ್ಲ. ಇಂಥ ತೂತಿಗೆ ಕ್ಷಯ, ಕುಷ್ಠವೂ ಕಾರಣವಾಗಬಹುದು, ಅವನ್ನೂ ಪರೀಕ್ಷಿಸು.

ಇನ್ನು ಚರ್ಮ. ಲೇತಿನವರ ಮುಂಗೈ, ತೊಡೆಯಲ್ಲಿ, ಅಂದರೆ ಎಣ್ಣೆ ನೆನೆದ ಬಟ್ಟೆ ತಾಗುವಲ್ಲೆಲ್ಲ, ಕಪ್ಪು ಚುಕ್ಕೆಯ ಗುಳ್ಳೆ ಏಳುತ್ತವೆ. ಕೂಲಂಟ್‌ನಲ್ಲಿ ಕೈಯಾಡಿಸುವವರಿಗೆ ಬೆರಳ ಸಂದು ಕೆಂಪಾಗಿ ಬಿರಿಯುತ್ತದೆ. "ಊರಿಗೆ ಹೋದಾಗ ಕಡಿಮೆ ಆಗ್ತದಾ?" ಎಂದು ಕೇಳು, ಹೌದು ಎಂದರೆ ಕಾರಣ ಬಹುಮಟ್ಟಿಗೆ ಕೆಲಸದ ಜಾಗದಲ್ಲಿದೆ. ಬೆವರಿನ ಸಂದುಗಳಲ್ಲಿ ಹುಳುಕಡ್ಡಿ ಧಾರಾಳವಾಗಿ ಕಾಣುತ್ತೀಯೆ. ಅಂಚು ಮಸುಕಾಗಿದ್ದರೆ, ಹಚ್ಚುತ್ತಿರುವ ಟ್ಯೂಬ್ ತರಿಸಿ ಓದು. ಮೆಡಿಕಲ್ ಶಾಪಿನ ಸ್ಟಿರಾಯ್ಡ್ ಮುಲಾಮು ಉಂಗುರದ ಗುರುತನ್ನೇ ಅಳಿಸಿರುತ್ತದೆ. ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಪರೀಕ್ಷೆಗೆ ಕಳಿಸು. ಮಾಸಲು ಮಚ್ಚೆ ಕಂಡರೆ ಹತ್ತಿಯೆಳೆ ಸೋಕಿಸಿ ಸ್ಪರ್ಶ ನೋಡು. ಕುಷ್ಠವನ್ನು ಬೇಗ ಹಿಡಿದರೆ ಪೂರ್ತಿ ಗುಣವಾಗುತ್ತದೆ.

ಕೊನೆಯದಾಗಿ ಒಂದು ಮಾತು. ಗದ್ದಲದ ಕಿವುಡು, ಕ್ರೋಮ್ ಹುಣ್ಣು, ರಾಸಾಯನಿಕ ತಾಗಿ ಬರುವ ಚರ್ಮರೋಗ, ಮೂರೂ 1948ರ ಕಾರ್ಖಾನೆಗಳ ಕಾಯ್ದೆಯ ಮೂರನೇ ಅನುಸೂಚಿಯಲ್ಲಿದ್ದವು. ಇಂಥವನ್ನು ಕಂಡ ವೈದ್ಯರು ಸರ್ಕಾರಕ್ಕೆ ತಿಳಿಸಬೇಕೆಂಬ ಹೊಣೆಯನ್ನು ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಕಾರ್ಮಿಕ ಸುರಕ್ಷತೆ, ಆರೋಗ್ಯದ ಸಂಹಿತೆಯೂ ಹೊರಿಸಿದೆ. ಕೆಲಸ ಹೋದೀತೆಂದು ರೋಗಿ ಹೆದರುತ್ತಾನೆ. ಕೂರಿಸಿಕೊಂಡು ನಿಧಾನವಾಗಿ ಮಾತಾಡು, ಇಎಸ್‌ಐ ಸೌಲಭ್ಯ ತಿಳಿಸು, ಆಮೇಲೆ ವರದಿ ಬರೆ. ಮುಲಾಮಿನ ಚೀಟಿಯಷ್ಟೇ ಕೊಟ್ಟರೆ ಅವನು ನಾಳೆ ಅದೇ ಪ್ಲೇಟಿಂಗ್ ತೊಟ್ಟಿಯ ಮುಂದೆ ನಿಲ್ಲುತ್ತಾನೆ, ಪಕ್ಕದವನೂ ನಿಲ್ಲುತ್ತಾನೆ. ನಿನ್ನ ವರದಿಯಿಂದ ಆ ತೊಟ್ಟಿಗೊಂದು ಎಕ್ಸಾಸ್ಟ್ ಬಂದರೆ, ನೀನು ಮುಖವನ್ನೇ ನೋಡದ ಎಷ್ಟೋ ಜನಕ್ಕೆ ಚಿಕಿತ್ಸೆ ಕೊಟ್ಟಂತೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ