ಫಾರ್ವರ್ಡ್ ಮಾಡುವ ಮುನ್ನ, ಡಿಲೀಟ್ ಮಾಡುವ ಮುನ್ನ

2018ರ ಜುಲೈ. ಹೈದರಾಬಾದ್ ಕಡೆಯಿಂದ ಬೀದರ್ ಜಿಲ್ಲೆಗೆ ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸಂದೇಶ ಅವರ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮ ತಲುಪಿತು. ಅಲ್ಲಿ ರಸ್ತೆಗೆ ಅಡ್ಡ ಹಾಕಿ ಕಾದಿದ್ದ ಜನ ಅವರ ಮೇಲೆ ಮುಗಿಬಿದ್ದರು. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಬಿಟ್ಟರು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಇಂಥದೇ ವದಂತಿಗೆ ರಾಜಸ್ಥಾನದ ಕೂಲಿಕಾರನೊಬ್ಬ ಬಲಿಯಾಗಿದ್ದ.

‘ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ ಅಷ್ಟೆ’ ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ದ್ವೇಷ ಹುಟ್ಟಿಸುವ ಸುಳ್ಳು ಸುದ್ದಿ, ವದಂತಿಗಳನ್ನು ಸೃಷ್ಟಿಸುವುದಷ್ಟೇ ಅಲ್ಲ, ಹರಡುವುದೂ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂ ಪ್ರಕಾರ ಅಪರಾಧ. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಸಮುದಾಯಗಳ ನಡುವೆ ವೈರ ಬಿತ್ತಿದರೆ 196ನೇ ಕಲಂ ಅಡಿ 3 ವರ್ಷದವರೆಗೆ ಜೈಲಾಗಬಹುದು. ತಮಿಳುನಾಡಿನ ನಟ, ಮಾಜಿ ಶಾಸಕ ಎಸ್.ವಿ. ಶೇಖರ್ 2018ರಲ್ಲಿ ಮಹಿಳಾ ಪತ್ರಕರ್ತರನ್ನು ಹೀಯಾಳಿಸುವ ಪೋಸ್ಟೊಂದನ್ನು ಹಂಚಿಕೊಂಡಿದ್ದರು. ಆಮೇಲೆ ಅದನ್ನು ಅಳಿಸಿದರು, ಕ್ಷಮೆಯನ್ನೂ ಕೇಳಿದರು. ಆದರೂ 2023ರಲ್ಲಿ ಮದ್ರಾಸ್ ಹೈಕೋರ್ಟ್ ಪ್ರಕರಣ ರದ್ದುಪಡಿಸಲಿಲ್ಲ, ಸುಪ್ರೀಂ ಕೋರ್ಟ್ ಕೂಡ ಮಧ್ಯಪ್ರವೇಶಿಸಲಿಲ್ಲ.

ಹಾಗೆಂದು ಗ್ರೂಪಿನ ಅಡ್ಮಿನ್‌ಗಳು ಗಾಬರಿಯಾಗಬೇಕಿಲ್ಲ. ಬೇರೆಯವರು ಹಾಕಿದ ಪೋಸ್ಟಿಗೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಬರುವುದಿಲ್ಲ ಎಂದು ಬಾಂಬೆ ಮತ್ತು ಕೇರಳ ಹೈಕೋರ್ಟ್‌ಗಳು ಹೇಳಿವೆ. ಸರ್ಕಾರವನ್ನು, ಮುಖಂಡರನ್ನು ಖಾರವಾಗಿ ಟೀಕಿಸುವುದು ನಿಮ್ಮ ಹಕ್ಕು. ಆಕ್ಷೇಪಾರ್ಹ ಪೋಸ್ಟುಗಳಿಗೆ ಶಿಕ್ಷೆ ವಿಧಿಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ. ಅದರ ಹೆಸರು ಹೇಳಿ ಯಾರಾದರೂ ಹೆದರಿಸಿದರೆ ಹೆದರಬೇಡಿ. ಕಟುಮಾತಿಗೂ ಹಿಂಸೆಗೆ ಪ್ರಚೋದನೆ ಕೊಡುವುದಕ್ಕೂ ನಡುವಿನ ಗೆರೆ ಉಳಿಯಲೇಬೇಕು.

ದ್ವೇಷದ ಪೋಸ್ಟ್ ಕಂಡಾಗ ಬಹುತೇಕರು ಸಿಟ್ಟಿನಿಂದ ಡಿಲೀಟ್ ಮಾಡಿ ಗ್ರೂಪಿನಿಂದ ಹೊರಬರುತ್ತಾರೆ. ಅಲ್ಲಿಗೆ ಸಾಕ್ಷ್ಯ ಹೋಯಿತು. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಕಳಿಸಿದವರ ನಂಬರ್ ಅಥವಾ ಪ್ರೊಫೈಲ್ ಹೆಸರು, ದಿನಾಂಕ, ಸಮಯ ಅದರಲ್ಲಿ ಕಾಣಬೇಕು. ಫೇಸ್‌ಬುಕ್, ಎಕ್ಸ್ ಆದರೆ ಲಿಂಕ್ ಕಾಪಿ ಮಾಡಿಟ್ಟುಕೊಳ್ಳಿ. ಮೂಲ ಚಾಟ್ ಅಳಿಸಬೇಡಿ, ಫೋನ್ ರೀಸೆಟ್ ಮಾಡಿಸಬೇಡಿ. ಇಂಥ ಡಿಜಿಟಲ್ ದಾಖಲೆ ಕೋರ್ಟಿನಲ್ಲಿ ನಡೆಯಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಫೋನ್ ಕೈಯಲ್ಲಿದ್ದರೆ ಆ ಕೆಲಸ ಸುಲಭ. ‘ನೋಡಿ, ಎಂಥಾ ವಿಷ’ ಎಂದು ಖಂಡಿಸುವುದಕ್ಕೂ ಅದನ್ನು ಬೇರೆ ಗ್ರೂಪಿಗೆ ಹಾಕಬೇಡಿ, ಪೊಲೀಸರಿಗೆ ಮಾತ್ರ ತೋರಿಸಿ.

ಜನ ಗುಂಪುಗೂಡುತ್ತಿದ್ದರೆ ತಡಮಾಡದೆ 112ಕ್ಕೆ ಕರೆ ಮಾಡಿ. ಉಳಿದಂತೆ ಜಿಲ್ಲೆಯ ಸೈಬರ್ ಅಪರಾಧ (ಸಿಇಎನ್) ಠಾಣೆಗೆ ಹೋಗಬಹುದು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ‘ಇದು ನಮ್ಮ ವ್ಯಾಪ್ತಿಗೆ ಬರಲ್ಲ’ ಎಂದು ನಿಮ್ಮ ಊರಿನ ಠಾಣೆ ಕೈತೊಳೆದುಕೊಳ್ಳುವಂತಿಲ್ಲ. ಸಂಜ್ಞೇಯ ಅಪರಾಧವಾದರೆ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧವಾದರೆ, ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಮಾಡಿಸಲು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಅವಕಾಶ ಕೊಟ್ಟಿದೆ. ದೂರನ್ನು ಇ-ಮೇಲ್‌ನಂಥ ವಿದ್ಯುನ್ಮಾನ ಮಾರ್ಗದಲ್ಲಿ ಕಳಿಸಿದ್ದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. 3ರಿಂದ 7 ವರ್ಷದೊಳಗಿನ ಶಿಕ್ಷೆಯ ಪ್ರಕರಣಗಳಲ್ಲಿ ಪೊಲೀಸರು ಮೊದಲು 14 ದಿನದ ಪ್ರಾಥಮಿಕ ವಿಚಾರಣೆ ನಡೆಸಬಹುದು. ಸರ್ಕಾರದ ಅನುಮತಿ ಬರಲಿ ಎಂದು ದೂರನ್ನೇ ತಳ್ಳಿಹಾಕಿದರೆ ಮಾತ್ರ ಒಪ್ಪಬೇಡಿ. 196ನೇ ಕಲಂನ ಪ್ರಕರಣದಲ್ಲಿ ಆ ಅನುಮತಿ ಬೇಕಾಗುವುದು ನ್ಯಾಯಾಲಯ ಪ್ರಕರಣವನ್ನು ಪರಿಗಣಿಸುವ ಹಂತದಲ್ಲಿ, ಎಫ್‌ಐಆರ್‌ಗೆ ಅಲ್ಲ.

ಪೋಸ್ಟ್ ತೆಗೆಸಲು ಆಯಾ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 24 ಗಂಟೆಯೊಳಗೆ ಅವರು ಸ್ವೀಕೃತಿ ಕೊಡಬೇಕು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಮೇಲ್ಮನವಿ ಸಲ್ಲಿಸಬಹುದು.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ವಕೀಲರಿಗೆ ಕೊಡಲು ಹಣವಿಲ್ಲ ಎಂದು ಸುಮ್ಮನಾಗಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಒದಗಿಸುತ್ತದೆ. ಸಹಾಯವಾಣಿ ಸಂಖ್ಯೆ 15100.