ಹಳೆಯ ಮಾನಿಟರು, ಹೊಸ ಗ್ರಾಫಿಕ್ಸ್ ಕಾರ್ಡು

2001ರಲ್ಲಿ ಆರಂಭವಾದ ‘ಮಾಹಿತಿ ಸಿಂಧು’ ಯೋಜನೆಯ ಮೂಲಕ ಕರ್ನಾಟಕದ ಅನೇಕ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರುಗಳು ಬಂದುವು. ಆ ಕಾಲದ ಮಾನಿಟರುಗಳಿಗೆ ಚಿತ್ರವನ್ನು ಒಯ್ಯುತ್ತಿದ್ದುದು ಸಾಮಾನ್ಯವಾಗಿ ವಿ.ಜಿ.ಎ. ಎಂಬ ಜೋಡಣೆ. ಅನಂತರದ ಚಪ್ಪಟೆ ಮಾನಿಟರುಗಳಲ್ಲಿಯೂ ಅದು ಬಹುಕಾಲ ಉಳಿಯಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಇಂಥ ಮಾನಿಟರನ್ನೇ ನೆಚ್ಚಿಕೊಂಡು, ಕಂಪ್ಯೂಟರಿಗೆ ಮಾತ್ರ ಹೊಸ ಗ್ರಾಫಿಕ್ಸ್ ಕಾರ್ಡನ್ನು ಹಾಕಿಸುವ ವಿದ್ಯಾರ್ಥಿಗೆ ತೊಡಕೊಂದು ಎದುರಾಗುವುದು: ಹೊಸ ಕಾರ್ಡಿನಲ್ಲಿ ವಿ.ಜಿ.ಎ. ಕಿಂಡಿಯೇ ಇಲ್ಲ. ಎರಡು ತುದಿಗಳೂ ಹೊಂದುವ ಕೇಬಲ್ಲನ್ನು ಕೊಂಡು ಸಿಕ್ಕಿಸಿದರೂ ತೆರೆ ಕಪ್ಪಾಗಿಯೇ ಉಳಿಯುವುದುಂಟು. ಮಾನಿಟರು ಕೆಟ್ಟಿತೆಂದು ತೀರ್ಮಾನಿಸುವ ಮೊದಲು ಇದರ ಕಾರಣವನ್ನು ವಿಚಾರ ಮಾಡೋಣ.

ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿರುವ ಜಲಾಶಯದ ನೀರಿನ ಮಟ್ಟವನ್ನು ದೂರದವರಿಗೆ ತಿಳಿಸಬೇಕಾಗಿದೆಯೆಂದು ಭಾವಿಸೋಣ. ನೀರಿನ ಮೇಲೆ ಬೆಂಡನ್ನು ತೇಲಿಬಿಟ್ಟು, ಅದರ ಏರಿಳಿತಕ್ಕೆ ತಕ್ಕಂತೆ ತಂತಿಯೊಂದರ ವೋಲ್ಟೇಜು ಏರಿಳಿಯುವಂತೆ ಮಾಡುವುದು ಒಂದು ವಿಧಾನ. ಅಳತೆಗೋಲನ್ನು ನೋಡಿ, ಅಂಕಿಯನ್ನು ಬರೆದು ಕಳುಹಿಸುವುದು ಇನ್ನೊಂದು. ಮೊದಲನೆಯದು ಅನಲಾಗ್ ಸಂಕೇತ. ಎರಡನೆಯದು ಡಿಜಿಟಲ್ ಸಂಕೇತ. ತಿಳಿಸುವ ಸಂಗತಿ ಒಂದೇ ಆದರೂ ಒಂದನ್ನು ಗ್ರಹಿಸುವ ಉಪಕರಣಕ್ಕೆ ಇನ್ನೊಂದು ಅರ್ಥವಾಗದು.

1987ರಲ್ಲಿ ಐ.ಬಿ.ಎಂ. ಸಂಸ್ಥೆ ಬಳಕೆಗೆ ತಂದ ವಿ.ಜಿ.ಎ. ಮೊದಲನೆಯ ಬಗೆಗೆ ಸೇರಿದುದು. ಮೂರು ಸಾಲುಗಳಲ್ಲಿ 15 ಪಿನ್ನುಗಳಿಗೆ ಎಡೆಯಿರುವ ಇದರಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದು ತಂತಿ ಮೀಸಲು. ಬಣ್ಣ ಪೂರ್ಣವಾಗಿ ಬೆಳಗಬೇಕಾದರೆ 0.7 ವೋಲ್ಟು, ಆರಿರಬೇಕಾದರೆ 0 ವೋಲ್ಟು. ಸಾಲು ಯಾವಾಗ ಆರಂಭವಾಗಬೇಕು, ಇಡೀ ಚಿತ್ರ ಯಾವಾಗ ಆರಂಭವಾಗಬೇಕು ಎಂಬುದನ್ನು ಬೇರೆ ಎರಡು ತಂತಿಗಳು ತಿಳಿಸುವುವು. ಹಳೆಯ ಗಾಜಿನ ಮಾನಿಟರಿನಲ್ಲಿ ಈ ವೋಲ್ಟೇಜು ವರ್ಧನೆಗೊಂಡು ಎಲೆಕ್ಟ್ರಾನ್ ಕಿರಣದ ಬಲವನ್ನು ಹೆಚ್ಚುಕಡಿಮೆ ಮಾಡುವುದು. ಅಂಕಿಗಳ ಗೊಡವೆ ಅದಕ್ಕಿಲ್ಲ.

ಎಚ್.ಡಿ.ಎಂ.ಐ. (2002) ಮತ್ತು ಡಿಸ್‌ಪ್ಲೇಪೋರ್ಟ್ (2006) ಎರಡನೆಯ ಬಗೆಯವು. ಇವುಗಳಲ್ಲಿ ಪ್ರತಿಯೊಂದು ಚಿತ್ರಬಿಂದುವಿನ ಪ್ರತಿಯೊಂದು ಬಣ್ಣವೂ ಸಾಮಾನ್ಯವಾಗಿ 0ಯಿಂದ 255ರವರೆಗಿನ ಒಂದು ಅಂಕಿಯಾಗಿ ಸಾಗುವುದು. ಮೊದಲಿನ ಕಾರ್ಡುಗಳು ಅಂಕಿಯನ್ನು ವೋಲ್ಟೇಜಿಗೆ ಪರಿವರ್ತಿಸುವ ಮಂಡಲವನ್ನು ತಮ್ಮಲ್ಲಿಯೇ ಹೊಂದಿದ್ದುವು. 2010ರ ಡಿಸೆಂಬರಿನಲ್ಲಿ ಇಂಟೆಲ್, ಎ.ಎಂ.ಡಿ. ಮೊದಲಾದ ಸಂಸ್ಥೆಗಳು ವಿ.ಜಿ.ಎ.ಯನ್ನು ಕ್ರಮೇಣ ಕೈಬಿಡುವುದಾಗಿ ಪ್ರಕಟಿಸಿದುವು. ಹೊಸ ಕಾರ್ಡುಗಳಲ್ಲಿ ಆ ಮಂಡಲ ಇಲ್ಲ.

ಆದುದರಿಂದ ಅದನ್ನು ನಾವು ಹೊರಗಿನಿಂದ ಒದಗಿಸಬೇಕು. ‘ಎಚ್.ಡಿ.ಎಂ.ಐ.ಯಿಂದ ವಿ.ಜಿ.ಎ.ಗೆ’ ಎಂಬ ಪರಿವರ್ತಕದೊಳಗಿನ ಪುಟ್ಟ ಚಿಪ್ಪು ಮಾಡುವ ಕೆಲಸ ಇದೇ. 0.7 ವೋಲ್ಟನ್ನು 255ರಿಂದ ಭಾಗಿಸಿದರೆ ಒಂದು ಮೆಟ್ಟಿಲಿಗೆ ಸುಮಾರು 2.7 ಮಿಲಿವೋಲ್ಟು, 128 ಎಂಬ ಅಂಕಿ ಬಂದರೆ ಚಿಪ್ಪು ಸುಮಾರು 0.35 ವೋಲ್ಟನ್ನು ಹೊರಡಿಸುವುದು. ಬರಿಯ ತಂತಿಗಳಿಂದ ಈ ಕಾರ್ಯ ಆಗದು. ಚಿಪ್ಪಿಲ್ಲದ ಕೇಬಲ್ಲು ಸೋಲುವುದು ಇದರಿಂದಲೇ.

ಕೊಳ್ಳುವ ಮೊದಲು ಮೂರು ಸಂಗತಿಗಳನ್ನು ಗಮನಿಸಬೇಕು. ಒಂದು, ದಿಕ್ಕು: ‘ವಿ.ಜಿ.ಎ.ಯಿಂದ ಎಚ್.ಡಿ.ಎಂ.ಐ.ಗೆ’ ಎಂಬ ಪರಿವರ್ತಕ ನೋಡಲು ಹೆಚ್ಚುಕಡಿಮೆ ಹಾಗೆಯೇ ಇದ್ದರೂ ಅದರ ಕೆಲಸ ತದ್ವಿರುದ್ಧ. ಎರಡು, ಶಕ್ತಿ: ಕೆಲವು ಪರಿವರ್ತಕಗಳಿಗೆ ಎಚ್.ಡಿ.ಎಂ.ಐ. ಕಿಂಡಿಯಲ್ಲಿ ದೊರೆಯುವ 5 ವೋಲ್ಟಿನ ಅಲ್ಪ ವಿದ್ಯುತ್ತು ಸಾಲದು, ಅವುಗಳಿಗೆ ಯು.ಎಸ್.ಬಿ. ತಂತಿಯಿಂದ ಶಕ್ತಿ ಕೊಡಬೇಕು. ಮೂರು, ಕಾರ್ಡಿನಲ್ಲಿ ಡಿ.ವಿ.ಐ. ಕಿಂಡಿಯಿದ್ದರೆ ಅದರ ಚಪ್ಪಟೆ ಸೀಳಿನ ಸುತ್ತ ನಾಲ್ಕು ಬಿಡಿ ರಂಧ್ರಗಳಿವೆಯೇ ಎಂದು ನೋಡಬೇಕು. ಇದ್ದರೆ ಅದು ಡಿ.ವಿ.ಐ.-ಐ, ಅನಲಾಗ್ ಸಂಕೇತಕ್ಕೆ ಮೀಸಲಾದ ಆ ಎಡೆಗಳಲ್ಲಿ ಕಾರ್ಡು ಸಂಕೇತವನ್ನು ಒದಗಿಸುತ್ತಿದ್ದರೆ ಚಿಪ್ಪಿಲ್ಲದ ಅಗ್ಗದ ಅಡಾಪ್ಟರೇ ಸಾಕು. ರಂಧ್ರಗಳಿಲ್ಲದ ಡಿ.ವಿ.ಐ.-ಡಿ ಕಿಂಡಿಗೆ ಪರಿವರ್ತಕವೇ ಬೇಕು.

ಚಪ್ಪಟೆ ಮಾನಿಟರಿನಲ್ಲಿ ಇನ್ನೊಂದು ವಿಶೇಷವಿದೆ. ಅದು ತಂತಿಯಲ್ಲಿ ಬಂದ ವೋಲ್ಟೇಜನ್ನು ಅಳೆದು ಪುನಃ ಅಂಕಿಯಾಗಿಸಿಕೊಳ್ಳುವುದು. ಅಳೆದು ಅಂಕಿಯಾಗಿಸುವ ಈ ವಿದ್ಯೆ ನಮ್ಮ ಊರಿಗೆ ಹೊಸತಲ್ಲ: ಉಪಗ್ರಹಗಳು ತಮ್ಮೊಳಗಿನ ಉಷ್ಣತೆ, ವೋಲ್ಟೇಜುಗಳನ್ನು ಹೀಗೆಯೇ ಅಂಕಿಗಳಾಗಿಸಿ ಭೂಮಿಗೆ ಕಳುಹಿಸುವುವು, ಹಾಸನದಲ್ಲಿ 1982ರಲ್ಲಿ ಸ್ಥಾಪನೆಯಾದ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವು ಅವನ್ನು ಓದುವುದು. ಆದರೆ ಎರಡು ಸಲ ಪರಿವರ್ತನೆಯಾಗುವಾಗ ಅಕ್ಷರಗಳ ಅಂಚು ಸ್ವಲ್ಪ ಮಸುಕಾಗಬಹುದು. ಆಗ ಮಾನಿಟರಿನ ‘ಆಟೋ’ ಗುಂಡಿಯನ್ನು ಒತ್ತಿ, ಚಿತ್ರಬಿಂದುಗಳ ಸಂಖ್ಯೆಯನ್ನು ತೆರೆಯ ಸಹಜ ಸಂಖ್ಯೆಗೆ ಸರಿಹೊಂದಿಸಬೇಕು. 17 ಅಂಗುಲದ ಅನೇಕ ಚಪ್ಪಟೆ ಮಾನಿಟರುಗಳಿಗೆ ಅದು 1280×1024.

ಒಂದು ಎಚ್ಚರಿಕೆ. ಗಾಜಿನ ಮಾನಿಟರನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ಗನ್ನು ಕಿತ್ತ ಮೇಲೂ ಅದರೊಳಗೆ ಸಾವಿರಾರು ವೋಲ್ಟುಗಳು ಉಳಿದಿರಬಹುದು. ಅದರ ಗಾಜಿನಲ್ಲಿ ಸೀಸವಿರುವುದರಿಂದ ತಿಪ್ಪೆಗೆ ಎಸೆಯಲೂ ಬಾರದು. ದುಡಿಯುವಷ್ಟು ಕಾಲ ದುಡಿಸಿಕೊಂಡು, ಬಳಿಕ ಇ-ತ್ಯಾಜ್ಯವನ್ನು ಸ್ವೀಕರಿಸುವವರಿಗೆ ಒಪ್ಪಿಸುವುದು ಯುಕ್ತ.

ಕೊನೆಗೆ ವಿದ್ಯಾರ್ಥಿಗಳಿಗೊಂದು ಲೆಕ್ಕ. 1280×1024 ಬಿಂದುಗಳ ಚಿತ್ರ ಸೆಕೆಂಡಿಗೆ 60 ಸಲ ಮೂಡಿದರೆ ಒಟ್ಟು ಬಿಂದುಗಳು 7,86,43,200. ಆದರೆ ತಂತಿಯಲ್ಲಿ ಬಿಂದುಗಳ ಗತಿ ಸೆಕೆಂಡಿಗೆ 10 ಕೋಟಿ 80 ಲಕ್ಷ. ಉಳಿದ ಕಾಲ ಏನಾಯಿತು? ಒಂದು ಸಾಲು ಮುಗಿದ ಮೇಲೆ ಎಲೆಕ್ಟ್ರಾನ್ ಕಿರಣವು ಮುಂದಿನ ಸಾಲಿನ ತಲೆಗೆ ಹಿಂದಿರುಗಬೇಕಲ್ಲವೆ? ಇದನ್ನು ನೆನೆದು ಉತ್ತರವನ್ನು ಯೋಚಿಸಿರಿ.